ಎರಡನೇ ಗೇರಿನಲ್ಲಿ ಕಲ್ಲಟ್ಟಿ

ನಮ್ಮವ್ವನ ಎಡಮೊಣಕಾಲು ಹೋದದ್ದು ಕಲ್ಲಟ್ಟಿ ಘಾಟಿಯಲ್ಲಿ. ಬಿದ್ದು ಅಲ್ಲ, ಕ್ಲಚ್ ತುಳಿದು ತುಳಿದು.

ಮಸಿನಗುಡಿಯಿಂದ ಊಟಿಗೆ ಹತ್ತುವ ಆ ರಸ್ತೆಗೆ ಮೂವತ್ತಾರು ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ನಂಬರು ಬರೆದು ಬೋರ್ಡು ನೆಟ್ಟಿದ್ದಾರೆ. ಅವ್ವ ಆ ಬೋರ್ಡು ಓದುವವಳಲ್ಲ, ಅವಳಿಗೆ ತಿರುವುಗಳು ಗೊತ್ತಿರುವುದು ಕಾಲಿನಿಂದ. ನಮ್ಮದು ಹಳೇ ಪೆಟ್ರೋಲ್ ಜೀಪು, ಮುಂದಕ್ಕೆ ಮೂರೇ ಗೇರು. ತಿರುವು ಬಂತೆಂದರೆ ಎರಡರಿಂದ ಒಂದಕ್ಕೆ ಇಳಿಸಬೇಕು, ದಾಟಿದ ಮೇಲೆ ಮತ್ತೆ ಎರಡಕ್ಕೆ ಏರಿಸಬೇಕು. ಆ ಕಾಲದ ಒಂದನೇ ಗೇರು ಸುಲಭಕ್ಕೆ ಬೀಳುವ ಪೈಕಿಯಲ್ಲ. ಕ್ಲಚ್ಚನ್ನು ಒಮ್ಮೆ ತುಳಿದು, ಬಿಟ್ಟು, ಎಂಜಿನ್ನಿಗೆ ಒಂದು ಗುಟುಕು ಪೆಟ್ರೋಲು ಕೊಟ್ಟು, ಮತ್ತೆ ತುಳಿದರೆ ಮಾತ್ರ ಮರ್ಯಾದೆಯಿಂದ ಕೂರುತ್ತದೆ. ಇಲ್ಲದಿದ್ದರೆ ಹಲ್ಲು ಕಡಿಯುತ್ತದೆ. ಅವ್ವನ ಕೈಯಲ್ಲಿ ಅದು ಹಲ್ಲು ಕಡಿದದ್ದನ್ನು ನಾನು ಕೇಳಿದ್ದೇ ಇಲ್ಲ, ನನ್ನ ಕೈಯಲ್ಲಿ ಕಡಿಯದೇ ಇದ್ದದ್ದೂ ಇಲ್ಲ.

ನಾವು ಗುಂಡ್ಲುಪೇಟೆ ಕಡೆಯವರು. ಅಜ್ಜನ ಕಾಲಕ್ಕೆ ಕಾಡು ದಾಟಿ ಬಂದು ಮಸಿನಗುಡಿಯಲ್ಲಿ ನಿಂತವರು. ಮನೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ತಮಿಳು, ಊಟಿ ಮಾರ್ಕೆಟ್ಟಿನಲ್ಲಿ ನೀಲಗಿರಿಯ ಬಡಗರ ಮಾತಿಗೆ ನಮ್ಮ ಮಾತು ಬೆರೆಸಿದ ಒಂದು ಕಲಸುಮೇಲೋಗರ. ನಾನು ಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಜೀಪು ಅವನದು. ನೆಂಟರೆಲ್ಲ ಸೇರಿ ಮಾರಿಬಿಡು ಅಂದರು. ಅವ್ವ ಯಾರಿಗೂ ಎದುರು ಮಾತಾಡಲಿಲ್ಲ. ಬೊಕ್ಕಾಪುರಂ ರಸ್ತೆಯಲ್ಲಿ ಜೀಪನ್ನು ಹಿಂದೆ ಮುಂದೆ ಓಡಿಸಿ, ಒಂದೆರಡು ಬೇಲಿ ಕೆಡವಿ, ಕಲಿತುಕೊಂಡುಬಿಟ್ಟಳು. ಅಂದಿನಿಂದ ಸುತ್ತಲ ಹೊಲಗಳ ಬೀನ್ಸು, ಕೊತ್ತಂಬರಿ, ಹೂವು ಎಲ್ಲ ಅವಳ ಜೀಪಿನಲ್ಲೇ ಊಟಿಗೆ ಹತ್ತುತ್ತವೆ. ಬರುವಾಗ ಕ್ಯಾರೆಟ್ಟು, ಎಲೆಕೋಸು, ಜೊತೆಗೆ ಬಸ್ಸು ತಪ್ಪಿಸಿಕೊಂಡ ನಾಲ್ಕು ಜನ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಊಟಿಯ ಮೂಳೆ ಡಾಕ್ಟರು ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ಕಾಲಿನಲ್ಲಿ ಇನ್ನು ಘಾಟಿ ರಸ್ತೆಯ ಡ್ರೈವಿಂಗ್ ಬೇಡ ಎಂದರು. ಅವ್ವ ವಿಧೇಯಳಾಗಿ ತಲೆಯಾಡಿಸಿ ಹೊರಗೆ ಬಂದು, ಅದೇ ಕಾಲಿನಲ್ಲಿ ಕ್ಲಚ್ ತುಳಿದು ನನ್ನನ್ನು ಮನೆಗೆ ಕರೆತಂದಳು. ಮನೆ ಮುಂದೆ ಇಳಿದವಳು ಜೀಪಿನ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು.

"ನೀನೂ ಗಾಡಿ ಡಾಕ್ಟ್ರೇ ತಾನೆ? ಅವ್ರು ಕಾಲು ನೋಡಿದ್ರು, ನೀನು ಗಾಡಿ ನೋಡು. ಕ್ಲಚ್ ತುಳೀದೆ ಗುಡ್ಡ ಹತ್ತೋ ಹಂಗೆ ಏನಾರ ಮಾಡು" ಎಂದಳು.

ನಾನು ಮಸಿನಗುಡಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವವನು. ರೆಸಾರ್ಟುಗಳ ಸಫಾರಿ ಜೀಪುಗಳನ್ನು ಬದುಕಿಸುವುದೇ ನನ್ನ ಕಸುಬು. ಆದರೂ ಮೊದಲು ಸುಲಭದ ದಾರಿಗಳನ್ನೇ ನೋಡಿದೆ. ನಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತುಕೋ ಅಂದೆ. "ನೀನು ಓಡ್ಸಿದ್ರೆ ನಂಗೆ ವಾಂತಿ ಬತ್ತದೆ" ಅಂದಳು. ಗಿರಾಕಿಯೊಬ್ಬರ ಆಟೋಮ್ಯಾಟಿಕ್ ಕಾರು ಸರ್ವಿಸಿಗೆ ಬಂದಿತ್ತು, ಅದರಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಿದೆ. ಎಡಗಾಲು ಖಾಲಿ ಜಾಗದಲ್ಲಿ ಏನನ್ನೋ ಹುಡುಕುತ್ತಲೇ ಇತ್ತು. ಇಳಿದು ಬಂದು, ಇದು ನಾನು ಹೇಳೋದಕ್ಕೆ ಮುಂಚೆ ತಾನೇ ಎಲ್ಲ ಮಾಡ್ತದೆ, ಇಂಥವರ ಜೊತೆ ನನಗೆ ಏಗಾಕಾಗಲ್ಲ ಅಂದಳು. ಜೀಪು ಬಿಟ್ಟು ಜಗುಲಿ ಮೇಲೆ ಕೂತ ಅವ್ವ ಹೇಗಿರುತ್ತಾಳೆ ಎಂದು ಒಂದು ಗಳಿಗೆ ಯೋಚಿಸಿ ನೋಡಿದೆ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಹಾಗಾಗಿ ಜೀಪಿಗೇ ಶಕ್ತಿ ತುಂಬಬೇಕಿತ್ತು. ಎರಡನೇ ಗೇರಿನಲ್ಲೇ ಮೂವತ್ತಾರು ತಿರುವನ್ನೂ ಎಳೆದುಬಿಟ್ಟರೆ ಕ್ಲಚ್ಚಿನ ಮಾತೇ ಬರುವುದಿಲ್ಲ. ತೆಪ್ಪಕಾಡು ರಸ್ತೆಯಲ್ಲಿ ಕಾಡುಕೋಣ ಗುದ್ದಿ ಮುಖ ಕಳೆದುಕೊಂಡ ಸಣ್ಣ ಡೀಸೆಲ್ ಕಾರೊಂದು ನನ್ನ ವರ್ಕ್‌ಶಾಪಿನ ಹಿಂದೆ ವರ್ಷಗಟ್ಟಲೆಯಿಂದ ಬಿದ್ದಿತ್ತು. ಅದರ ಟರ್ಬೊ ಮಾತ್ರ ಚೆನ್ನಾಗಿತ್ತು. ಟರ್ಬೊ ಅಂದರೆ ಒಂದೇ ಅಚ್ಚಿಗೆ ಎರಡು ಚಕ್ರ. ಎಂಜಿನ್ ಹೊರಹಾಕುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದರ ಜೊತೆಗೆ ಇನ್ನೊಂದು ತಿರುಗಿ ಹೊಸ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಬಿಸಾಡುವ ಹೊಗೆಯಿಂದಲೇ ಕೆಲಸ ತೆಗೆಯುವ ಜಿಪುಣತನ ನನಗೆ ಬಹಳ ಹಿಡಿಸಿತು. ಕೈಯಲ್ಲಿ ಹಿಡಿದು ಬಾಯಿಂದ ಊದಿದರೆ ಸದ್ದೇ ಇಲ್ಲದೆ ತಿರುಗಿತು. ಊದುವುದು ನಿಲ್ಲಿಸಿದ ಮೇಲೂ ತಿರುಗುತ್ತಲೇ ಇತ್ತು.

ಹಳೇ ಜೀಪಿನ ಎಂಜಿನ್ ಗಟ್ಟಿಮುಟ್ಟು, ಅದರೊಳಗೆ ಒತ್ತಡ ಕಡಿಮೆ. ಇನ್ನಷ್ಟು ಗಾಳಿ ತುಂಬಿದರೆ ತಡೆದುಕೊಳ್ಳುತ್ತದೆ. ತೊಡಕಿದ್ದದ್ದು ಕಾರ್ಬ್ಯುರೇಟರಿನಲ್ಲಿ. ಈಗಿನ ಗಾಡಿಗಳಿಗೆ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಕೊಡುತ್ತದೆ. ಇದಕ್ಕೆ ಅಳತೆ ಅಂದರೆ ಒಂದು ಹಿತ್ತಾಳೆ ತಿರುಪಿನ ನಡುವಿನ ಸಣ್ಣ ತೂತು. ಅದಕ್ಕೆ ಜೆಟ್ ಅನ್ನುತ್ತೇವೆ. ತೂತು ಎಷ್ಟೋ ಪೆಟ್ರೋಲು ಅಷ್ಟು.

ನಮ್ಮ ಬೆಟ್ಟದ ಕಡೆ ಪೆಟ್ರೋಲ್ ಗಾಡಿಯವರಿಗೆ ಒಂದು ಪದ್ಧತಿಯಿತ್ತು. ಮೇಲೆ ಊಟಿಯಲ್ಲಿ ಗಾಳಿ ತೆಳು. ಕೆಳಗಿನ ಜೆಟ್ಟಿನಲ್ಲೇ ಹತ್ತಿದರೆ ಪೆಟ್ರೋಲು ಹೆಚ್ಚಾಗಿ ಗಾಡಿ ಕರೀ ಹೊಗೆ ಕಾರಿಕೊಂಡು ಮುಕ್ಕರಿಸುತ್ತದೆ. ಅದಕ್ಕೆ ಎಲ್ಲರ ಹತ್ತಿರವೂ ಎರಡು ಜೆಟ್ ಇರುತ್ತಿದ್ದವು. ಒಂದು ಕೆಳಗಿನದು, ಇನ್ನೊಂದು ತೂತು ಸಣ್ಣದಿರುವ ಗುಡ್ಡದ ಜೆಟ್ಟು. ಘಾಟಿ ಹತ್ತುವ ಮುಂಚೆ ಮಾವನಹಳ್ಳದ ಟೀ ಅಂಗಡಿ ಮುಂದೆ ಬಾನೆಟ್ ಎತ್ತಿ ಬದಲಾಯಿಸುವುದು, ಗೂಡಲೂರಿನ ಕಡೆಯಿಂದ ಇಳಿದು ಮೈಸೂರಿಗೆ ಹೋಗುವವರು ತೊರಪಳ್ಳಿಯಲ್ಲಿ ಮತ್ತೆ ಬದಲಾಯಿಸುವುದು. ಈಗ ಅದೆಲ್ಲ ಯಾರಿಗೂ ನೆನಪಿಲ್ಲ. ಅವ್ವನ ಎಲೆಯಡಿಕೆ ಚೀಲದಲ್ಲಿ ಮಾತ್ರ ಸುಣ್ಣದ ಡಬ್ಬಿಯ ಪಕ್ಕ ಇವತ್ತಿಗೂ ಒಂದು ಜೆಟ್ ಇರುತ್ತದೆ.

ಕಾರ್ಬ್ಯುರೇಟರಿಗೆ ಟರ್ಬೊ ಕೂರಿಸುತ್ತೇನೆ ಅಂದಾಗ ಕೇಳಿದವರೆಲ್ಲ ನಕ್ಕರು. ಕೊಯಮತ್ತೂರಿನ ದೊಡ್ಡ ಗ್ಯಾರೇಜಿನವರು ಫೋನಿನಲ್ಲೇ ನಕ್ಕರು. ನಗದೇ ಇದ್ದವನು ಸೋಲೂರಿನ ನನ್ನ ಗೆಳೆಯನೊಬ್ಬನೇ. ಅವನು ಬಡಗರವನು. ಮನೆಯ ಕೆಳಗೆ ಸಣ್ಣ ಟೀ ತೋಟ, ಮನೆಯ ಹಿಂದೆ ಶೆಡ್ಡಿನಲ್ಲಿ ಒಂದು ಲೇತ್. ಬೆಳಗ್ಗೆ ಎಲೆ ಕಿತ್ತು ಫ್ಯಾಕ್ಟರಿ ವ್ಯಾನಿಗೆ ಹಾಕಿ, ಮಧ್ಯಾಹ್ನದ ಮೇಲೆ ಕಬ್ಬಿಣ ಕಡೆಯುತ್ತಾನೆ. ಮಾತು ಬಲು ಕಮ್ಮಿ. ನಾನು ಅರ್ಧ ಗಂಟೆ ಕೈಬಾಯಿ ತಿರುಗಿಸಿ ವಿವರಿಸಿದ್ದಕ್ಕೆ ಅವನು ಹೇಳಿದ್ದು "ಆತು" ಎಂಬ ಒಂದೇ ಮಾತು. ಒಂದು ವಾರ ಬಿಟ್ಟು ಕಾರ್ಬ್ಯುರೇಟರಿನ ತಲೆಯ ಮೇಲೆ ಗಾಳಿ ಸೋರದಂತೆ ಕೂರುವ ಅಲ್ಯೂಮಿನಿಯಂ ಟೋಪಿಯನ್ನು ಕಡೆದು ತಂದು ನನ್ನ ಬೆಂಚಿನ ಮೇಲಿಟ್ಟ. ಅಳತೆ ಕೇಳಲೂ ಇಲ್ಲ, ಅಳತೆ ತಪ್ಪಲೂ ಇಲ್ಲ.

ಟರ್ಬೊದಿಂದ ಪೈಪು, ಪೈಪಿನಿಂದ ಟೋಪಿ, ಟೋಪಿಯ ಕೆಳಗೆ ಕಾರ್ಬ್ಯುರೇಟರ್. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆವು. ನಿಂತಲ್ಲಿ ಚೆನ್ನಾಗಿಯೇ ಓಡಿತು. ರಸ್ತೆಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು, ನನ್ನ ಮೈ ಜುಮ್ಮೆಂದಿತು, ಆಮೇಲೆ ಎಂಜಿನ್ ಕೆಮ್ಮಿ ಸತ್ತೇಹೋಯಿತು. ಮತ್ತೆ ಸ್ಟಾರ್ಟ್, ಮತ್ತೆ ಸಿಳ್ಳೆ, ಮತ್ತೆ ಸಾವು. ಗಾಳಿ ಹೆಚ್ಚಿಗೆ ಬಂದ ಕೂಡಲೇ ಪೆಟ್ರೋಲು ಬರುವುದು ನಿಂತುಹೋಗುತ್ತಿತ್ತು. ನನಗೆ ತಲೆ ಕೆಟ್ಟು ಸ್ಪ್ಯಾನರ್ ಎಸೆದೆ. ಗೆಳೆಯ ಅದನ್ನು ಎತ್ತಿ ಒರೆಸಿ, ಅದರ ಜಾಗದಲ್ಲಿಟ್ಟು, ಬಸ್ಸು ಹತ್ತಿ ಸೋಲೂರಿಗೆ ಹೋದ.

ಎರಡು ದಿನ ಆ ಕಾರ್ಬ್ಯುರೇಟರನ್ನು ಬೆಂಚಿನ ಮೇಲೆ ಬಿಚ್ಚಿಟ್ಟುಕೊಂಡು ಸುಮ್ಮನೆ ನೋಡಿದೆ. ಪೆಟ್ರೋಲು ನಿಲ್ಲುವ ಸಣ್ಣ ಬಟ್ಟಲು. ಬಟ್ಟಲಿನ ನೆತ್ತಿಯಲ್ಲಿ ಹೊರಗಿನ ಗಾಳಿಗೆ ತೆರೆದ ಒಂದು ಕಿಂಡಿ. ಪಕ್ಕದಲ್ಲಿ ಗಾಳಿ ಹಾಯುವ ಗಂಟಲು. ನಾನು ಮೀಸೆ ಮೂಡುವ ಮುಂಚಿನಿಂದ ಇವನ್ನು ಬಿಚ್ಚಿಕೊಂಡು ಬಂದವನು. ಎಂಜಿನ್ ಪೆಟ್ರೋಲನ್ನು ಹೀರುತ್ತದೆ ಅಂತಲೇ ನಾನೂ ನಂಬಿದ್ದೆ, ಬಂದವರಿಗೂ ಹೇಳಿದ್ದೆ. ಅದು ಹೀರುವುದೇ ಇಲ್ಲ. ಗಂಟಲಿನಲ್ಲಿ ಗಾಳಿ ರಭಸದಿಂದ ಓಡುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಅಷ್ಟೇ. ಬಟ್ಟಲಿನ ಪೆಟ್ರೋಲಿನ ಮೇಲೆ ಆ ಕಿಂಡಿಯಿಂದ ಇಡೀ ಆಕಾಶದ ಗಾಳಿ ಕೂತಿದೆ. ಅದು ತನ್ನ ಭಾರದಿಂದ ಪೆಟ್ರೋಲನ್ನು ಜೆಟ್ಟಿನ ತೂತಿನ ಮೂಲಕ ಮೇಲಕ್ಕೆ ತಳ್ಳುತ್ತದೆ. ಅವ್ವ ಇಷ್ಟು ವರ್ಷ ಘಾಟಿ ಹತ್ತಿದ್ದು ಆ ಭಾರದ ದಯೆಯಿಂದ.

ನಾನು ಎದ್ದು ವರ್ಕ್‌ಶಾಪಿನ ಬಾಗಿಲಿಗೆ ಬಂದು ನಿಂತೆ. ಮಧ್ಯಾಹ್ನ. ಎದುರಿಗೆ ನೀಲಗಿರಿಯ ಗೋಡೆ, ಅದರ ಮೇಲೆ ಏನೂ ಇಲ್ಲದ ನೀಲಿ. ಏನೂ ಇಲ್ಲ ಅಂದುಕೊಂಡಿದ್ದೆನಲ್ಲ, ಅದಕ್ಕೆ ತೂಕವಿತ್ತು. ಅದು ನನ್ನ ತಲೆಯ ಮೇಲೂ, ಎದುರಿನ ಬಾಳೆಗಿಡದ ಮೇಲೂ, ಬೆಂಚಿನ ಮೇಲಿದ್ದ ಆ ಬಟ್ಟಲಿನ ಮೇಲೂ ಒಂದೇ ಸಮ ಕೂತಿತ್ತು. ಶಾಲೆಯಲ್ಲಿ ಇದನ್ನು ಓದಿ ಪಾಸಾದವನೇ ನಾನು. ಆದರೆ ಅವತ್ತು ಮೈಮೇಲೆ ಅದು ತಿಳಿಯಿತು. ಎದುರು ಅಂಗಡಿಯವನು ಏನಾಯ್ತಣ್ಣ ಅಂದ. ಏನೂ ಇಲ್ಲ, ಗಾಳಿ ನೋಡ್ತಿದೀನಿ ಅಂದೆ.

ಸಮಸ್ಯೆ ಆಮೇಲೆ ತಾನಾಗಿ ಬಿಡಿಸಿಕೊಂಡಿತು. ಟರ್ಬೊ ಬಂದ ಮೇಲೆ ಗಂಟಲಿನೊಳಗೆ ಆಕಾಶಕ್ಕಿಂತ ಬಲವಾದ ಗಾಳಿ. ಬಟ್ಟಲಿನ ಮೇಲೆ ಮಾತ್ರ ಅದೇ ಹಳೇ ಆಕಾಶ. ಬಲವಿದ್ದವನು ಪೆಟ್ರೋಲನ್ನು ಹಿಂದಕ್ಕೆ ದಬ್ಬುತ್ತಿದ್ದ. ಹಾಗಾದರೆ ಬಟ್ಟಲಿಗೂ ಅದೇ ಬಲವಾದ ಗಾಳಿಯ ಪಾಲು ಕೊಡಬೇಕು. ಹೊರಗಿನ ಕಿಂಡಿ ಮುಚ್ಚಿ, ಟೋಪಿಯಿಂದ ಬಟ್ಟಲಿಗೆ ಒಂದು ಗೇಣು ರಬ್ಬರ್ ಕೊಳವೆ ಎಳೆದೆ. ಪೆಟ್ರೋಲ್ ಪಂಪನ್ನೂ ಬದಲಿಸಿ, ಗಾಳಿ ಏರಿದಷ್ಟೂ ತಾನೂ ಏರಿಸಿ ತಳ್ಳುವಂಥದ್ದನ್ನು ಹಾಕಿದೆ.

ಉಳಿದದ್ದು ಫ್ಲೋಟು. ಬಟ್ಟಲಿನಲ್ಲಿ ತೇಲುತ್ತ, ಪೆಟ್ರೋಲು ತುಂಬಿದಾಗ ಬಾಗಿಲು ಮುಚ್ಚುವ ಟೊಳ್ಳು ಹಿತ್ತಾಳೆ ಡಬ್ಬಿ ಅದು. ಒತ್ತಡದಲ್ಲಿ ಅಪ್ಪಚ್ಚಿಯಾದರೆ ಮುಳುಗುತ್ತದೆ, ಮುಳುಗಿದರೆ ಪೆಟ್ರೋಲು ಉಕ್ಕುತ್ತದೆ, ಬಿಸಿ ಎಂಜಿನ್ನಿನ ಮೇಲೆ ಉಕ್ಕಿದರೆ ಜೀಪೂ ಇಲ್ಲ, ಅವ್ವನೂ ಇಲ್ಲ. ಒತ್ತಡ ಹಾಕಿ ಪರೀಕ್ಷೆ ಮಾಡುವ ಯಂತ್ರ ನನ್ನ ಹತ್ತಿರ ಎಲ್ಲಿಂದ ಬರಬೇಕು? ಅಡಿಗೆಮನೆಯಲ್ಲಿತ್ತು. ಫ್ಲೋಟನ್ನು ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ಕುಕ್ಕರಿಗೆ ನೀರು ಹಾಕಿ ಒಳಗೆ ಬಿಟ್ಟೆ. ಒಂದು ಸೀಟಿಯ ಒತ್ತಡ ನಮ್ಮ ಟರ್ಬೊ ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ಅವ್ವ ಬೀನ್ಸಿನ ನಾರು ತೆಗೆಯುತ್ತ ನೋಡುತ್ತಿದ್ದಳು.

"ಏನ್ಲಾ ಬೇಯಿಸ್ತಿದೀಯ?"

"ನಿನ್ನ ಜೀಪಿನ ಸಾಮಾನು."

"ಬೆಂದ್ಮೇಲೆ ನಂಗೂ ಒಂದು ತುಂಡು ಇಕ್ಕು" ಅಂದು ಮತ್ತೆ ಬೀನ್ಸಿಗೆ ತಿರುಗಿದಳು.

ಸೀಟಿ ಹೊಡೆಯಿತು. ಆರಿಸಿ ತೆಗೆದರೆ ಫ್ಲೋಟಿನ ಒಂದು ಕೆನ್ನೆ ಒಳಗೆ ಹೋಗಿತ್ತು. ಪಕ್ಕಕ್ಕಿಟ್ಟು, ಬೇರೆ ಗಾಡಿಯದೊಂದು ಗಟ್ಟಿ ಪ್ಲಾಸ್ಟಿಕ್ ಫ್ಲೋಟು ಹುಡುಕಿ ಅದನ್ನೂ ಬೇಯಿಸಿದೆ. ಅದು ಹೇಗೆ ಹೋಗಿತ್ತೋ ಹಾಗೇ ಬಂತು. ಆ ಕುಕ್ಕರಿನಲ್ಲಿ ಆಮೇಲೆ ಬೇಳೆ ಬೇಯಿಸಲು ಅವ್ವ ಒಪ್ಪಲಿಲ್ಲ, ಹೊಸದು ತರಿಸಿಕೊಂಡಳು.

ಕೊನೆಗೆ ಜೆಟ್. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು ಬೇಕಲ್ಲ. ಗೆಳೆಯ ತೂತು ಕೊರೆಯುವ ತನ್ನ ಸಣ್ಣ ಬಿಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಜೆಟ್ಟಿನ ತೂತನ್ನು ಕೂದಲೆಳೆಯಷ್ಟು ದೊಡ್ಡದು ಮಾಡುವುದು, ತೆಪ್ಪಕಾಡು ರಸ್ತೆಯಲ್ಲಿ ಓಡಿಸುವುದು, ನಿಲ್ಲಿಸಿ, ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಪ್ಲಗ್ ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಒಳಗೆ ಬೆಂಕಿ ಮಿತಿಮೀರಿದೆ ಎಂದರ್ಥ. ಕಪ್ಪಗಿದ್ದರೆ ಹೆಚ್ಚಾಗಿದೆ. ಹುರಿಗಡಲೆ ಸಿಪ್ಪೆಯ ಬಣ್ಣ ಬಂದರೆ ಹದ. ಆ ಬಣ್ಣ ಬಂದ ಸಂಜೆ ಗೆಳೆಯ ಪ್ಲಗ್ಗನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದ. ನನಗೇನೋ ಕುಣಿಯಬೇಕು ಅನ್ನಿಸಿತ್ತು. ಅವನು "ಒಳ್ಳಿತ್ತು" ಅಂದ. ಅವನ ಬಾಯಲ್ಲಿ ಅದು ದೊಡ್ಡ ಭಾಷಣ.

ಮಾರನೇ ದಿನ ಬೆಳಗ್ಗೆಯೇ ಅವ್ವ ಬೀನ್ಸಿನ ಮೂಟೆ ಹೇರಿಸಿ ಸ್ಟೀರಿಂಗ್ ಹಿಡಿದು ಕೂತಿದ್ದಳು. ನಾನು ಸ್ನಾನ ಮಾಡಿ ಬಂದು ಪಕ್ಕದಲ್ಲಿ ಕೂತೆ. ಮೊದಲ ತಿರುವು ಎರಡನೇ ಗೇರಿನಲ್ಲೇ ದಾಟಿತು. ಎರಡನೆಯದೂ. ಅವ್ವ ನನ್ನ ಕಡೆ ಒಂದು ಸಲ ನೋಡಿದಳು, ಹುಬ್ಬು ಮೇಲೆ. ಟರ್ಬೊ ಸಿಳ್ಳೆ ಹಾಕುತ್ತಿತ್ತು. ನನಗೆ ಜಂಬ ಬಂದದ್ದು ನಿಜ. ಇನ್ನೂ ಕೆಲವು ತಿರುವು ದಾಟಿರಬೇಕು, ಬಾನೆಟ್ಟಿನ ಕೆಳಗಿಂದ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು. ಎಂಜಿನ್ನಿನೊಳಗೆ ಬೆಂಕಿ ಹೊತ್ತಿಗೆ ಮುಂಚೆಯೇ ಸಿಡಿಯುವ ಸದ್ದು ಅದು. "ಕಾಲು ತೆಗಿ ಅವ್ವ" ಅನ್ನುವಷ್ಟರಲ್ಲಿ ಎಂಜಿನ್ ನರಳಿ, ನೀಲಿ ಹೊಗೆ ಬಿಟ್ಟು ನಿಂತುಹೋಯಿತು. ಹಾಲಿನ ವ್ಯಾನಿನವನು ಬೀನ್ಸನ್ನು ಒಯ್ದ. ನಮ್ಮನ್ನು ಇನ್ನೊಂದು ಜೀಪು ಹಗ್ಗ ಕಟ್ಟಿ ಕೆಳಗಿಳಿಸಿತು.

ಬಿಚ್ಚಿದರೆ ಒಂದು ಪಿಸ್ಟನ್ನಿನ ಅಂಚು ಕರಗಿತ್ತು. ಪ್ಲಗ್ಗುಗಳು ಸುಣ್ಣದಷ್ಟು ಬಿಳಿ. ಪೆಟ್ರೋಲು ಸಾಕಾಗಿಲ್ಲ. ಹಿಂದಿನ ಸಂಜೆ ಹದವಾಗಿದ್ದದ್ದು ಒಂದೇ ರಾತ್ರಿಯಲ್ಲಿ ಹೇಗೆ ಸಾಲದಾಯಿತು? ಪಂಪ್ ಬಿಚ್ಚಿದೆ, ಸರಿಯಿತ್ತು. ಕೊಳವೆ ಊದಿ ನೋಡಿದೆ, ಸೋರಿಕೆ ಇರಲಿಲ್ಲ. ಫ್ಲೋಟನ್ನು ಮತ್ತೆ ಬೇಯಿಸಿದೆ. ಗೆಳೆಯನಿಗೆ ಫೋನು ಮಾಡಿ ನಿನ್ನ ಟೋಪಿಯದೇ ತಪ್ಪು ಎಂದು ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, ಎಲೆ ತೂಕ ಹಾಕ್ತಿದ್ದಾರೆ ಆಮೇಲೆ ಮಾಡ್ತೇನೆ ಅಂತ ಇಟ್ಟ. ಅವ್ವ ಅಷ್ಟು ದಿನವೂ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಚಿತ್ರ. ವಾರದಲ್ಲೇ ಅವಳ ದನಿ ಸಣ್ಣದಾಗಿತ್ತು, ಬೈಗುಳವೂ ಕಡಿಮೆಯಾಗಿತ್ತು.

ಎಲ್ಲ ಮುಗಿದ ಮೇಲೆ, ಮಾಡಲು ಬೇರೆ ಕೆಲಸವಿಲ್ಲದೆ, ಕಾರ್ಬ್ಯುರೇಟರಿನ ಹೊಟ್ಟೆಯ ಕೆಳಗಿನ ಬೋಲ್ಟು ಬಿಚ್ಚಿ ಜೆಟ್ ಹೊರತೆಗೆದು ಬಿಸಿಲಿಗೆ ಹಿಡಿದೆ. ತೂತಿನಲ್ಲಿ ಬೆಳಕೇ ಸರಿಯಾಗಿ ಹಾಯಲಿಲ್ಲ. ಅದು ನಾನು ಹಾಕಿದ ಜೆಟ್ ಅಲ್ಲ. ಅದು ಗುಡ್ಡದ ಜೆಟ್ಟು, ಅಂಚಿನಲ್ಲಿ ಒಣಗಿದ ಸುಣ್ಣ ಬೇರೆ.

"ಅವ್ವ, ಜೆಟ್ ಬದಲಾಯಿಸಿದ್ಯಾ?"

"ಹೂಂ. ನೀನು ಸ್ನಾನಕ್ಕೆ ಹೋಗಿದ್ಯಲ್ಲ, ಆಗ" ಎಂದಳು, ಹಾಲಿಗೆ ಹೆಪ್ಪು ಹಾಕಿದ್ಯಾ ಎಂದು ಕೇಳಿದರೆ ಹೇಳುವಷ್ಟೇ ಸಲೀಸಾಗಿ. "ಗುಡ್ಡ ಹತ್ತೋಕೆ ಮುಂಚೆ ಬದ್ಲಾಯಿಸ್ದೆ ಯಾರಾರ ಹೋಯ್ತಾರಾ?"

ಯಾರೂ ಹೋಗುವುದಿಲ್ಲ. ನಮ್ಮ ಬೆಟ್ಟದಲ್ಲಿ ಕಲಿತವರು ಯಾರೂ ಹೋಗುವುದಿಲ್ಲ. ಬಯಲು ಸೀಮೆಯವರಾಗಿದ್ದರೆ ಈ ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ. ಅವಳು ಹಾಗೆ ಬಾನೆಟ್ಟಿಗೆ ಬಗ್ಗುವುದನ್ನು ಸಣ್ಣಂದಿನಿಂದ ಎಷ್ಟು ಸಲ ನೋಡಿದ್ದೆನೆಂದರೆ, ನೋಡುವುದನ್ನೇ ಬಿಟ್ಟಿದ್ದೆ. ನನ್ನ ಕೋಪ ನೆತ್ತಿಗೇರಿತ್ತು, ಆದರೆ ಯಾರ ಮೇಲೆ ಬಿಡುವುದು? ಅವಳ ಪಕ್ಕ ಕೂತೆ.

"ಇದಕ್ಕೆ ಗುಡ್ಡದ ಜೆಟ್ ಬೇಡ ಅವ್ವ. ಈ ಎಂಜಿನ್ನಿಗೆ ಈಗ ಗುಡ್ಡವೇ ಇಲ್ಲ."

"ಗುಡ್ಡ ಅಲ್ಲೇ ಅದಲ್ಲ" ಎಂದು ಗದ್ದದಿಂದ ಎದುರಿನ ಬೆಟ್ಟ ತೋರಿಸಿದಳು.

"ಗುಡ್ಡ ಇದೆ. ಆದರೆ ಮೇಲೆ ಹೋದರೂ ಇದಕ್ಕೆ ಗಾಳಿ ತೆಳುವಾಗುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಇದ್ದೀತು. ಆದರೆ ತೆಳು ಗಾಳಿಯನ್ನೇ ಟರ್ಬೊ ಒತ್ತಿ ದಪ್ಪ ಮಾಡಿ ಕೊಡುತ್ತದೆ. ದಪ್ಪ ಗಾಳಿಗೆ ಪೆಟ್ರೋಲು ಜಾಸ್ತಿ ಬೇಕು. ನೀನು ಕಡಿಮೆ ಕೊಟ್ಟೆ, ಅದು ಒಳಗೇ ಬೆಂದುಹೋಯಿತು."

ಅವ್ವ ಜೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ಸುಣ್ಣ ಉಜ್ಜಿದಳು. ಆಮೇಲೆ ನಿಧಾನಕ್ಕೆ ಹೇಳಿದಳು.

"ಅಂದ್ರೆ, ಮಸಿನಗುಡಿ ಗಾಳೀನ ಇದು ಜೊತೇಲೇ ಹೊತ್ಕೊಂಡು ಗುಡ್ಡ ಹತ್ತದೆ."

ಇಷ್ಟು ತಿಂಗಳು ಇದರ ಹಿಂದೆ ಬಿದ್ದಿದ್ದ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ನಾನು ಹೌದು ಅಂದೆ. ಇಬ್ಬರೂ ಬೆಟ್ಟ ನೋಡುತ್ತ ಕೂತೆವು. ಅವಳ ಮುಖದಲ್ಲಿ ಪಿಸ್ಟನ್ ಸುಟ್ಟದ್ದರ ಬೇಸರ ಇರಲಿಲ್ಲ. ದೊಡ್ಡ ನೆಂಟರೊಬ್ಬರು ಮನೆಗೆ ಬಂದಾಗ ಮುದುಡಿ ಕೂರುತ್ತಾಳಲ್ಲ, ಹಾಗೆ ಕೂತಿದ್ದಳು.

ಪಿಸ್ಟನ್ ಕೊಯಮತ್ತೂರಿನ ಗುಜರಿ ಬೀದಿಯಲ್ಲಿ ಸಿಕ್ಕಿತು. ಗೆಳೆಯನಿಗೆ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಅವನು ಕೇಳಿಸದವನಂತೆ ರಿಂಗುಗಳನ್ನು ಜೋಡಿಸಿಕೊಟ್ಟ. ದೊಡ್ಡ ಜೆಟ್ ಹಾಕಿ, ಮತ್ತೆ ತ್ರೋಟಲ್ಲು, ಐಡಲ್ಲು, ಎಲ್ಲ ಹೊಂದಿಸಿ, ಹುರಿಗಡಲೆ ಬಣ್ಣ ಬರುವವರೆಗೆ ಓಡಿಸಿದೆವು. ಅಷ್ಟರಲ್ಲಿ ಮಾಘದ ಚಳಿ ಇಳಿಯುತ್ತಿತ್ತು.

ಆ ಬೆಳಗ್ಗೆ ಅವ್ವ ಕೂರುವ ಮುಂಚೆ ನಾನು ಕೂತಿದ್ದೆ. ಬೀನ್ಸಿನ ಜೊತೆ ಎರಡು ಬುಟ್ಟಿ ಸೇವಂತಿಗೆ ಹೂವು. ಮಾವನಹಳ್ಳ ದಾಟುವಾಗ ಟೀ ಅಂಗಡಿಯತ್ತ ಅವಳ ಕುತ್ತಿಗೆ ತಿರುಗಿತು, ಜೀಪು ನಿಲ್ಲಲಿಲ್ಲ. ಎರಡನೇ ಗೇರಿಗೆ ಹಾಕಿದಳು. ಮೊದಲ ತಿರುವಿಗೆ ಸ್ಟೀರಿಂಗ್ ತಿರುಗಿಸಿದಳು. ಎಡಗಾಲು ಅಭ್ಯಾಸಬಲದಿಂದ ಎದ್ದು, ಕ್ಲಚ್ಚಿನ ಮೇಲೆ ಗಾಳಿಯಲ್ಲೇ ನಿಂತು, ಕೆಳಗಿಳಿಯಿತು. ಎರಡನೇ ತಿರುವಿಗೂ ಎದ್ದಿತು. ಕಿವಿ ಪೂರ್ತಿ ಬಾನೆಟ್ಟಿನ ಮೇಲಿದ್ದರೂ ನನ್ನ ಕಣ್ಣು ಆ ಕಾಲನ್ನು ಬಿಡಲಿಲ್ಲ. ಕಳೆದ ಸಲ ಸದ್ದು ಬಂದ ಜಾಗ ಬಂತು. ಟರ್ಬೊ ತನ್ನ ಪಾಡಿಗೆ ಸಿಳ್ಳೆ ಹಾಕುತ್ತ ಎಳೆಯುತ್ತಲೇ ಹೋಯಿತು. ಕಲ್ಲಿನ ಸದ್ದು ಬರಲಿಲ್ಲ.

ಅದಾದ ಮೇಲೆ ಯಾವ ತಿರುವಿನಲ್ಲೋ ಕಾಲು ಏಳುವುದು ನಿಂತಿತು. ಪಾದವನ್ನು ಪೂರ್ತಿ ನೆಲಕ್ಕೆ ಊರಿ ಇಟ್ಟಿದ್ದಳು, ಚಪ್ಪಲಿ ಕಳಚಿ. ಬೆಟ್ಟ ನಮ್ಮ ಕೆಳಗೆ ಇಳಿಯುತ್ತಿತ್ತು. ಇಷ್ಟು ವರ್ಷ ಈ ರಸ್ತೆ ನನಗೆ ನರಳುವ ಎಂಜಿನ್ನು, ಹಲ್ಲು ಕಚ್ಚಿದ ಅವ್ವನ ದವಡೆ, ಮುಂದಿನ ತಿರುವಿಗೆ ತಯಾರಾಗುವ ಗಾಬರಿ, ಇಷ್ಟೇ ಆಗಿತ್ತು. ಈಗ ಯಾರೋ ಹಿಂದಿನಿಂದ ದೊಡ್ಡ ಅಂಗೈ ಇಟ್ಟು ನಮ್ಮನ್ನು ಮೇಲಕ್ಕೆ ನಡೆಸಿಕೊಂಡು ಹೋಗುತ್ತಿದ್ದಂತಿತ್ತು. ಕೆಳಗಡೆಯ ಗಾಳಿಯೇ ಅದು ಎಂದು ನೆನೆದು ನನಗೆ ಕಣ್ಣು ತುಂಬಿತು. ಅವ್ವನಿಗೆ ಕಾಣಬಾರದೆಂದು ಹೊರಗೆ ನೋಡಿದೆ.

ಅವ್ವನೂ ಹೊರಗೆ ನೋಡುತ್ತಿದ್ದಳು.

"ಅಲ್ಲೇನ್ಲಾ ಅದು, ಬೆಳ್ಳಗೆ?"

ಕಣಿವೆಯಾಚೆ ಕಪ್ಪು ಬಂಡೆಯ ಮೇಲಿಂದ ನೀರು ಬೀಳುತ್ತಿತ್ತು. ಸಣ್ಣದೇ, ಬಿಸಿಲು ಬಿದ್ದು ಹೊಳೆಯುತ್ತಿತ್ತು.

"ನೀರು ಅವ್ವ. ಜಲಪಾತ."

"ಯಾವಾಗ ಬಂತು?"

"ಮೊದಲಿಂದಲೂ ಇದೆ. ಇಲ್ಲಿಂದ ಯಾವಾಗಲೂ ಕಾಣುತ್ತದೆ."

ಅವಳು ನನ್ನ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದಾನೋ ಎಂಬಂತೆ. ಆ ಜಾಗ ಬರುವ ಹೊತ್ತಿಗೆ ಇಷ್ಟು ವರ್ಷವೂ ಅವಳ ಕಾಲು ಕ್ಲಚ್ಚಿನ ಮೇಲಿರುತ್ತಿತ್ತು, ಕೈ ಗೇರಿನ ಮೇಲೆ, ಕಣ್ಣು ತಿರುವಿನ ಮೇಲೆ.

"ನಂಗೆ ಗೊತ್ತೇ ಇರ್ನಿಲ್ಲ" ಅಂದಳು. ಸ್ವಲ್ಪ ಮುಂದೆ ರಸ್ತೆ ಅಗಲವಾಗಿತ್ತು. ಇಲ್ಲಿ ಗಾಡಿ ನಿಲ್ಲಿಸಬಾರದು, ಆನೆ ಓಡಾಡುತ್ತವೆ ಎಂದು ಬೋರ್ಡು ಹಾಕಿದ್ದಾರೆ. ಈ ಏರಿನಲ್ಲಿ ಹೇರಿದ ಜೀಪು ನಿಲ್ಲಿಸಿದರೆ ಮತ್ತೆ ಹೊರಡುವ ಕಷ್ಟ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕ್ಲಚ್ಚು ತುಳಿಯಬೇಕು. ನಾನು ಬೇಡ ಅನ್ನುವುದರೊಳಗೆ ಅವಳು ಎಡಗಾಲು ಎತ್ತಿ, ತುಳಿದು, ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿಬಿಟ್ಟಳು. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಗದ್ದ ಊರಿ, ನೀರು ಬೀಳುವುದನ್ನು ನೋಡಿದಳು. ಹಿಂದೆ ಬಂದ ವ್ಯಾನಿನವನು ಹಾರನ್ ಹೊಡೆದ, ನಮ್ಮನ್ನು ದಾಟಿಕೊಂಡು ಹೋದ. ಅವಳು ತಿರುಗಿ ನೋಡಲಿಲ್ಲ. ನೋಡಿ ಮುಗಿಯುವಷ್ಟು ಹೊತ್ತು ನೋಡಿದಳು.

ಆಮೇಲೆ ಚಪ್ಪಲಿ ಹಾಕಿಕೊಂಡು ಮತ್ತೆ ಕ್ಲಚ್ ತುಳಿದು ಒಂದನೇ ಗೇರಿಗೆ ಹಾಕಿದಳು. ತುಳಿಯುವಾಗ ಮುಖ ಕಿವುಚಿದ್ದು ನನಗೆ ಕಾಣಿಸಿತು.

"ನೋವಾಯ್ತಾ ಅವ್ವ?"

"ಆಯ್ತು" ಎಂದಳು, ಜೀಪು ಹೊರಟಿತ್ತು. "ಆದ್ರೆ ಇವತ್ತು ನಾನಾಗೇ ತುಳ್ದಿದ್ದು ಕನ."